ಕರಿಕೋಟಿಗೂ ಮುಂಚಿನ ಪಾಠ



ಕಳೆದ ತಿಂಗಳು ಒಂದು ಕಾನೂನು ಕಾಲೇಜಿಗೆ ಮಾತಾಡಲು ಹೋಗಿದ್ದೆ. ಮಾತು ಮುಗಿದು ಎಲ್ಲರೂ ಚಹಾಕ್ಕೆ ಎದ್ದರು. ಮೂರನೆಯ ವರ್ಷದ ಹುಡುಗಿಯೊಬ್ಬಳು ಮಾತ್ರ ಬಾಗಿಲ ಬಳಿ ಕಾಯುತ್ತಿದ್ದಳು. "ಮೇಡಂ, ನಮ್ಮ ನೋಟಿಸ್ ಬೋರ್ಡಿಗೆ ಬರುವ ಇಂಟರ್ನ್‌ಶಿಪ್ಪೆಲ್ಲ ಕಂಪನಿ ಕೆಲಸದ್ದೇ. ಷೇರು, ವಿಲೀನ, ತೆರಿಗೆ, ಕರಾರು. ನನಗೆ ಆ ಕಡೆ ಮನಸ್ಸಿಲ್ಲ. ನಮ್ಮಪ್ಪನ ಜಮೀನಿನ ದಾವೆ ಹನ್ನೊಂದು ವರ್ಷ ನಡೆದದ್ದನ್ನು ನೋಡಿ ನಾನು ಕಾನೂನು ಓದಲು ಬಂದವಳು. ನನ್ನಂಥವರು ಎಲ್ಲಿಗೆ ಹೋಗಿ ಕಲಿಯಬೇಕು?" ಎಂದು ಕೇಳಿದಳು.

ಬಸ್ಸಿನ ಹೊತ್ತಾಗಿತ್ತು. ಎರಡು ಮಾತು ಹೇಳಿ ಹೊರಟುಬಿಟ್ಟೆ. ದಾರಿಯುದ್ದಕ್ಕೂ ಆ ಪ್ರಶ್ನೆ ಜೊತೆಯಲ್ಲೇ ಬಂತು. ಅಂದು ಕೊಡದೆ ಬಂದ ಉತ್ತರವನ್ನು ಇಂದು ಕೊಡುತ್ತಿದ್ದೇನೆ. ಅವಳೂ ಅವಳಂಥ ನೂರಾರು ಮಕ್ಕಳೂ ಕೇಳುತ್ತಿರಲಿ ಎಂಬ ಆಸೆ ನನ್ನದು.

ವಾಣಿಜ್ಯ ಕಾನೂನು ಕೀಳಾದದ್ದು ಎಂದು ನಾನು ಹೇಳುವುದಿಲ್ಲ. ಕಾರ್ಖಾನೆ ನಡೆಯಬೇಕು, ಸಾಲ ಸಿಗಬೇಕು, ಕೊಟ್ಟ ಮಾತು ಕಾಗದದ ಮೇಲೆ ನಿಲ್ಲಬೇಕು. ಅದಕ್ಕೆಲ್ಲ ಬಲ್ಲ ವಕೀಲರು ಬೇಕೇ ಬೇಕು. ಅಲ್ಲಿ ಹಣವಿದೆ, ದೊಡ್ಡ ಕಚೇರಿಗಳಿವೆ, ವಿದ್ಯಾರ್ಥಿಗಳನ್ನು ಆರಿಸಲೆಂದೇ ನೇಮಕವಾದ ಜನರಿದ್ದಾರೆ. ಹಾಗಾಗಿ ಅಲ್ಲಿಯ ಸುದ್ದಿ ತಾನಾಗಿಯೇ ನೋಟಿಸ್ ಬೋರ್ಡಿಗೆ ಬಂದು ಕೂರುತ್ತದೆ. ಜಾಮೀನಿಲ್ಲದೆ ಜೈಲಿನಲ್ಲಿ ಕೂತವನು, ಪಿಂಚಣಿ ನಿಂತುಹೋದ ಅಜ್ಜಿ ಜಾಹೀರಾತು ಕೊಡುವುದಿಲ್ಲ. ಅವರ ಪರ ಓಡಾಡುವ ವಕೀಲರಿಗೂ ಅದಕ್ಕೆ ಪುರುಸೊತ್ತಿಲ್ಲ. ಆದ್ದರಿಂದ ಆ ಕಡೆ ಅವಕಾಶವೇ ಇಲ್ಲವೆಂಬಂತೆ ಕಾಣುತ್ತದೆ. ಅವಕಾಶವಿದೆ, ಹುಡುಕಿಕೊಂಡು ಹೋಗಬೇಕು. ಬಾಗಿಲು ಹುಡುಕಿ, ತಟ್ಟಿ, ಕಾದು ಒಳಗೆ ಹೋಗುವುದೇ ಈ ದಾರಿಯ ಮೊದಲ ಪಾಠ. ನಾಳೆ ನಿಮ್ಮ ಕಕ್ಷಿದಾರನೂ ಹೀಗೆಯೇ ಒಂದೊಂದು ಕಚೇರಿಯ ಬಾಗಿಲಲ್ಲಿ ಕಾದು ನಿಮ್ಮ ಬಳಿಗೆ ಬಂದಿರುತ್ತಾನೆ.

ನಿಯಮ ಏನು ಹೇಳುತ್ತದೆ ನೋಡೋಣ. ಭಾರತೀಯ ವಕೀಲರ ಪರಿಷತ್ತು 2008ರಲ್ಲಿ ಕಾನೂನು ಶಿಕ್ಷಣ ನಿಯಮಗಳನ್ನು ಮಾಡಿದೆ. ಮೂರು ವರ್ಷದ ಕೋರ್ಸಿನವರು ಕನಿಷ್ಠ 12 ವಾರ, ಐದು ವರ್ಷದವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಯಾವ ವರ್ಷದಲ್ಲೂ ಅದು ಒಂದೇ ಸಮನೆ 4 ವಾರ ಮೀರುವಂತಿಲ್ಲ. ಎಲ್ಲಿ ಮಾಡಬಹುದು ಎಂಬ ಪಟ್ಟಿಯೂ ಅಲ್ಲಿದೆ. ಆ ಪಟ್ಟಿಯಲ್ಲಿ ಮೊದಲ ಹೆಸರು ಸ್ವಯಂಸೇವಾ ಸಂಸ್ಥೆಗಳದ್ದು. ಆಮೇಲೆ ವಿಚಾರಣಾ ನ್ಯಾಯಾಲಯಗಳ ಮತ್ತು ಮೇಲ್ಮನವಿ ನ್ಯಾಯಾಲಯಗಳ ವಕೀಲರು, ನ್ಯಾಯಾಂಗ, ನಿಯಂತ್ರಣ ಪ್ರಾಧಿಕಾರಗಳು, ಶಾಸನಸಭೆ, ಸಂಸತ್ತು ಬರುತ್ತವೆ. ಲಾ ಫರ್ಮ್, ಕಂಪನಿಗಳ ಸರದಿ ಅವುಗಳ ನಂತರ. ಸ್ಥಳೀಯ ಆಡಳಿತ ಸಂಸ್ಥೆಗಳೂ ಪಟ್ಟಿಯಲ್ಲಿವೆ. ವಕೀಲರ ಜೊತೆ ಒಮ್ಮೆಯಾದರೂ ಕೆಲಸ ಕಲಿತಿರಲೇಬೇಕು ಎಂದು ಬೇರೆ ಹೇಳಿದೆ. ಕಂಪನಿ ಕಚೇರಿಯನ್ನು ಬಿಟ್ಟವರು ದಾರಿ ತಪ್ಪಿದವರೆಂದು ಯಾರಾದರೂ ಅಂದರೆ ಈ ಪಟ್ಟಿಯನ್ನು ತೋರಿಸಿ.

ಇನ್ನು ಒಂದೊಂದೇ ಬಾಗಿಲ ಬಳಿ ಹೋಗೋಣ.

ಎಲ್ಲಕ್ಕಿಂತ ಹತ್ತಿರದ ಬಾಗಿಲು ನಿಮ್ಮ ತಾಲೂಕಿನ ನ್ಯಾಯಾಲಯದ್ದು. ಕೆಲವು ಬಗೆಯ ಪ್ರಕರಣಗಳನ್ನು ಬಿಟ್ಟರೆ ನಮ್ಮಲ್ಲಿ ವಿಚಾರಣೆ ಬಹಿರಂಗವಾಗಿಯೇ ನಡೆಯಬೇಕು. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಲು ಯಾರ ಶಿಫಾರಸೂ ಬೇಡ. ನಿಮ್ಮ ಪಠ್ಯಕ್ರಮದಲ್ಲೇ ಒಂದು ಸಿವಿಲ್, ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆ ನೋಡಿ ದಾಖಲಿಸಬೇಕೆಂದಿದೆ. ವಕೀಲರ ಕಚೇರಿಯಲ್ಲೋ ಕಾನೂನು ನೆರವಿನ ಕಚೇರಿಯಲ್ಲೋ ಕಕ್ಷಿದಾರರ ಜೊತೆಗಿನ ಮಾತುಕತೆಯನ್ನು ಎರಡು ಬಾರಿ ಗಮನಿಸಿ ಡೈರಿಯಲ್ಲಿ ಬರೆಯಬೇಕೆಂದಿದೆ. ಅನೇಕ ಮಕ್ಕಳು ಇದನ್ನು ಹಿಂದಿನ ವರ್ಷದವರ ಡೈರಿ ನೋಡಿ ನಕಲು ಮಾಡಿ ಮುಗಿಸುತ್ತಾರೆ. ಅವರನ್ನು ಕಂಡರೆ ನನಗೆ ನೋವಾಗುತ್ತದೆ. ಬಾಯಿಗೆ ಬಂದ ತುತ್ತನ್ನು ತಾವೇ ಚೆಲ್ಲುತ್ತಿದ್ದಾರೆ.

ನಾನು ಕೆಲಸ ಕಲಿತದ್ದು ಒಬ್ಬ ಹಿರಿಯ ವಕೀಲರ ಬಳಿ, ಒಂದು ಜಿಲ್ಲಾ ಊರಿನಲ್ಲಿ. ಮೊದಲ ಎರಡು ತಿಂಗಳು ಅವರು ನನಗೆ ಒಂದು ಪುಸ್ತಕವನ್ನೂ ಕೊಡಲಿಲ್ಲ. "ಹೊರಗೆ ಬೆಂಚಿನ ಮೇಲೆ ಕಕ್ಷಿದಾರರು ಕೂತಿದ್ದಾರೆ. ಹೋಗಿ ಪಕ್ಕದಲ್ಲಿ ಕೂತುಕೋ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಬಾ" ಎನ್ನುತ್ತಿದ್ದರು. ಬರೆದು ತಂದರೆ, "ಇದರಲ್ಲಿ ನ್ಯಾಯಾಲಯಕ್ಕೆ ಬೇಕಾದ ಸಾಲು ಯಾವುದು?" ಎಂದು ಕೇಳುತ್ತಿದ್ದರು. ಮನುಷ್ಯ ತನ್ನ ಕಷ್ಟವನ್ನು ಹೇಳುವಾಗ ಮಗಳ ಮದುವೆಯಿಂದ ಶುರುಮಾಡಿ ಬಾವಿಯ ನೀರಿಗೆ ಬರುತ್ತಾನೆ. ನಡುವೆ ಎಲ್ಲೋ ಒಂದು ತಾರೀಖು, ಒಂದು ಸಹಿ, ಒಂದು ಬೇಲಿ ಇರುತ್ತದೆ. ಇಡೀ ದಾವೆ ನಿಂತಿರುವುದು ಅದರ ಮೇಲೆ. ಆ ಸಾಲನ್ನು ಹೆಕ್ಕುವುದನ್ನು ಬೆಂಚಿನ ಮೇಲೆ ಕೂತೇ ಕಲಿಯಬೇಕು.

ಎರಡನೆಯ ಬಾಗಿಲು ಕಾನೂನು ಸೇವೆಗಳ ಪ್ರಾಧಿಕಾರದ್ದು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಎಂಬ ಮಾತು 1976ರಲ್ಲಿ 39ಎ ವಿಧಿಯಾಗಿ ಸಂವಿಧಾನದೊಳಗೆ ಬಂತು. ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮ 1987ರದ್ದು. ಅದು ಜಾರಿಯಾದದ್ದು 1995ರ ನವೆಂಬರ್ 9ರಂದು. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ಇವರಿಗೆಲ್ಲ ಆದಾಯ ನೋಡದೆ ಉಚಿತ ವಕೀಲರನ್ನು ಕೊಡಬೇಕೆಂದು ಆ ಕಾಯ್ದೆ ಹೇಳುತ್ತದೆ. ಕಾನೂನು ಕಾಲೇಜುಗಳಲ್ಲಿ ಕಾನೂನು ಸೇವಾ ಕೇಂದ್ರಗಳನ್ನು ಬೆಳೆಸುವ ಹೊಣೆಯನ್ನೂ ರಾಷ್ಟ್ರೀಯ ಪ್ರಾಧಿಕಾರಕ್ಕೆ ಅದೇ ಕಾಯ್ದೆ ಕೊಟ್ಟಿದೆ. ಅಂದರೆ ನೀವು ಪ್ರಾಧಿಕಾರದ ಬಾಗಿಲಿಗೆ ಹೋದಾಗ ದಯೆ ಬೇಡಲು ಹೋದವರಲ್ಲ. ಕಾನೂನೇ ನಿಮಗಾಗಿ ಅಲ್ಲಿ ಜಾಗ ಇಟ್ಟಿದೆ.

ರಾಜ್ಯ ಪ್ರಾಧಿಕಾರದ ಕಚೇರಿ ಬೆಂಗಳೂರಿನ ನ್ಯಾಯ ದೇಗುಲ ಕಟ್ಟಡದಲ್ಲಿದೆ. ಆದರೆ ನೀವು ಬೆಂಗಳೂರಿಗೆ ಬರಬೇಕಿಲ್ಲ. ಪ್ರತಿ ಜಿಲ್ಲೆಗೆ ಒಂದು ಪ್ರಾಧಿಕಾರವಿದೆ, ತಾಲೂಕಿಗೆ ಒಂದು ಸಮಿತಿಯಿದೆ. ಜಿಲ್ಲಾ ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿ ಒಬ್ಬ ನ್ಯಾಯಾಧೀಶರೇ ಆಗಿರುತ್ತಾರೆ. ಪ್ಯಾರಾ ಲೀಗಲ್ ವಾಲಂಟಿಯರ್ ಎಂಬ ಯೋಜನೆ 2009ರಿಂದ ನಡೆದಿದೆ. ಕಾನೂನು ವಿದ್ಯಾರ್ಥಿಗಳು ವಕೀಲರಾಗಿ ನೋಂದಾಯಿಸಿಕೊಳ್ಳುವವರೆಗೂ ಅದರಲ್ಲಿ ಸೇರಬಹುದು. ತರಬೇತಿ ಕೊಟ್ಟು ಹಳ್ಳಿಗೆ, ಆಸ್ಪತ್ರೆಗೆ, ಠಾಣೆಗೆ, ಜೈಲಿಗೆ ಕಳಿಸುತ್ತಾರೆ. 2022ರಿಂದ ಜಿಲ್ಲೆಗಳಲ್ಲಿ ಕಾನೂನು ನೆರವು ಅಭಿರಕ್ಷಕರ ಕಚೇರಿಗಳೂ ಶುರುವಾಗಿವೆ. ಅಲ್ಲಿ ವಕೀಲರು ಪೂರ್ಣಾವಧಿ ಕೂತು ಬಡ ಆರೋಪಿಗಳ ಪರ ಮಾತ್ರ ಕೆಲಸ ಮಾಡುತ್ತಾರೆ. ಕ್ರಿಮಿನಲ್ ಕಾನೂನು ಕಲಿಯಬೇಕೆನ್ನುವವರಿಗೆ ಇದಕ್ಕಿಂತ ಹತ್ತಿರದ ಶಾಲೆ ಬೇಕೇ?

ಜೈಲಿನ ಮಾತು ಬಂತು. 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ನಾಲ್ವರಲ್ಲಿ ಮೂವರು ಇನ್ನೂ ತಪ್ಪಿತಸ್ಥರೆಂದು ತೀರ್ಮಾನವಾಗದವರು. 1979ರಲ್ಲಿ ಬಿಹಾರದ ಜೈಲುಗಳ ವಿಷಯ ಪತ್ರಿಕೆಯಲ್ಲಿ ಬಂದಾಗ, ವಕೀಲೆ ಕಪಿಲಾ ಹಿಂಗೋರಾನಿ ಅದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಹುಸೈನಾರಾ ಖಾತೂನ್ ಪ್ರಕರಣ ಎಂದು ನೀವೆಲ್ಲ ಓದಿರುವುದು ಅದೇ. ತಪ್ಪು ಸಾಬೀತಾಗಿದ್ದರೆ ಎಷ್ಟು ಶಿಕ್ಷೆಯಾಗುತ್ತಿತ್ತೋ ಅದಕ್ಕಿಂತ ಹೆಚ್ಚು ಕಾಲ ಒಳಗಿದ್ದವರು ಅಲ್ಲಿದ್ದರು. ಅವರಿಗೆ ಬೇಕಾಗಿದ್ದದ್ದು ಮಹಾ ಪಾಂಡಿತ್ಯವಲ್ಲ. ಯಾರಾದರೊಬ್ಬರು ಕೂತು ದಿನ ಎಣಿಸಬೇಕಿತ್ತು.

ದಿನ ಎಣಿಸುವುದನ್ನು ನೀವು ಈಗಲೇ ಕಲಿಯಬಹುದು. ಬಂಧಿಸಿದ ಮೇಲೆ ಪೊಲೀಸರು ನಿಗದಿತ ಕಾಲದೊಳಗೆ ದೋಷಾರೋಪ ಪಟ್ಟಿ ಸಲ್ಲಿಸಬೇಕು. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಿಗೆ 90 ದಿನ, ಉಳಿದವಕ್ಕೆ 60 ದಿನ. ಆ ಗಡುವು ದಾಟಿದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ಕೇಳಿದವನಿಗೆ ಮಾತ್ರ. ಕೇಳುವ ಮೊದಲೇ ದೋಷಾರೋಪ ಪಟ್ಟಿ ಬಂದುಬಿಟ್ಟರೆ ಆ ಹಕ್ಕು ಕೈತಪ್ಪುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ಇನ್ನೊಂದು ಎಣಿಕೆ ಕೊಟ್ಟಿದೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಪ್ರಕರಣಗಳನ್ನು ಬಿಟ್ಟು, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ವಿಚಾರಣೆಯಲ್ಲೇ ಕಳೆದವರನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆಂದೂ ಶಿಕ್ಷೆಯಾಗದವರಿಗೆ ಮೂರನೆಯ ಒಂದು ಭಾಗ ಸಾಕು. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ 3 ವರ್ಷ. ಮೊದಲ ಸಲ ಸಿಕ್ಕಿಬಿದ್ದವನು, ಬೇರೆ ಪ್ರಕರಣವೇನೂ ಇಲ್ಲದಿದ್ದರೆ, ಒಂದು ವರ್ಷ ತುಂಬಿದ ದಿನ ಹೊರಗೆ ಬರಬೇಕು.

ಇದನ್ನು ನನಗೆ ಮನದಟ್ಟು ಮಾಡಿದವನು ಒಬ್ಬ ವಿದ್ಯಾರ್ಥಿ. ಅವನು ವಾರಕ್ಕೊಮ್ಮೆ ಉಪಕಾರಾಗೃಹಕ್ಕೆ ಹೋಗಿ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಹೆಸರು, ಕಲಮು, ರಿಮಾಂಡ್ ಆದ ತಾರೀಖು ಬರೆದುಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ನನ್ನ ಕಚೇರಿಗೆ ಬಂದು, "ಮೇಡಂ, ಇವರಿಗೆ ಇವತ್ತಿಗೆ 63 ದಿನ. ದೋಷಾರೋಪ ಪಟ್ಟಿ ಬಂದಿಲ್ಲ" ಎಂದ. ಆ ಕಡತ ಕಾನೂನು ನೆರವಿನಲ್ಲಿ ನನಗೇ ಬಂದಿತ್ತು. ವಾರದಿಂದ ನನ್ನ ಮೇಜಿನ ಮೇಲೇ ಇತ್ತು. ನಾನು ಎಣಿಸಿರಲಿಲ್ಲ. ಅಂದೇ ಅರ್ಜಿ ಹಾಕಿದೆವು, ಜಾಮೀನಾಯಿತು. ಆ ವಿದ್ಯಾರ್ಥಿ ಇನ್ನೂ ಕರಿಕೋಟು ತೊಟ್ಟಿರಲಿಲ್ಲ. ಆದರೂ ಒಬ್ಬ ಮನುಷ್ಯ ಮನೆಗೆ ಹೋದದ್ದು ಅವನ ನೋಟ್‌ಬುಕ್ಕಿನಿಂದ.

ಮೂರನೆಯ ಬಾಗಿಲನ್ನು ಕಾನೂನು ವಿದ್ಯಾರ್ಥಿಗಳು ಬಾಗಿಲೆಂದೇ ತಿಳಿಯುವುದಿಲ್ಲ. ತಹಶೀಲ್ದಾರರ ಕಚೇರಿ, ಉಪವಿಭಾಗಾಧಿಕಾರಿಗಳ ನ್ಯಾಯಾಲಯ, ಗ್ರಾಮಸಭೆ ಇವೆಲ್ಲ ಆ ಕಡೆ ಇವೆ. ರೈತನ ಕಾನೂನು ಬದುಕೆಲ್ಲ ಪಹಣಿ, ಮ್ಯುಟೇಶನ್, ಪೋಡಿ, ದಾರಿ ತಕರಾರುಗಳಲ್ಲೇ ಕಳೆಯುತ್ತದೆ. ಮಕ್ಕಳು ನೋಡಿಕೊಳ್ಳದ ತಂದೆತಾಯಿ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಜೀವನಾಂಶ ಕೇಳುವುದೂ ಉಪವಿಭಾಗಾಧಿಕಾರಿಗಳ ಮುಂದೆಯೇ. ಒಂದು ತಿಂಗಳು ಅಲ್ಲಿಯ ಕಲಾಪ ನೋಡಿದರೆ ಆಸ್ತಿ ವರ್ಗಾವಣೆ ಕಾಯ್ದೆ ಹೊಸದಾಗಿ ಅರ್ಥವಾಗುತ್ತದೆ.

ಮಲೆನಾಡಿನವರು, ಗಡಿ ಕಾಡುಗಳ ಕಡೆಯವರು ಅರಣ್ಯ ಹಕ್ಕು ಕಾಯ್ದೆಯನ್ನು ನೋಡಬೇಕು. 2006ರ ಆ ಕಾಯ್ದೆಯಲ್ಲಿ ಹಕ್ಕು ಕೇಳುವ ಕೆಲಸ ಗ್ರಾಮಸಭೆಯಿಂದಲೇ ಶುರುವಾಗುತ್ತದೆ. ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿದ್ದರೆಂದು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ಬಾಳಿದ್ದಕ್ಕೆ ಆಧಾರ ಕೊಡಬೇಕು. ಕಾಗದ ಎಲ್ಲಿಂದ ತರುವುದು? ನಿಯಮಗಳು ಊರಿನ ಹಿರಿಯರ ಹೇಳಿಕೆಯನ್ನು ಬರವಣಿಗೆಗೆ ಇಳಿಸಿದರೆ ಅದನ್ನೂ ಆಧಾರವೆಂದು ಒಪ್ಪುತ್ತವೆ. ಎಂಬತ್ತು ವರ್ಷದ ಅಜ್ಜನ ಮುಂದೆ ಕೂತು, ಯಾವ ಮರದ ಕೆಳಗೆ ಗುಡಿಯಿತ್ತು, ಯಾವ ವರ್ಷ ಹೊಳೆ ಉಕ್ಕಿತು ಎಂದು ಕೇಳಿ ನೇರ ಕನ್ನಡದಲ್ಲಿ ಬರೆಯುವ ಕೈ ಬೇಕು. ಅದು ನಿಮ್ಮ ಕೈ ಆಗಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಸೋಲಿಗರ ಸಂಘಟನೆಯ ಬಲ ಅದರ ಹಿಂದಿತ್ತು. ಅವರ ಜೊತೆ ಕೂತು ನಕ್ಷೆ ಬರೆದ, ಅರ್ಜಿ ತುಂಬಿದ ಜನರ ತಾಳ್ಮೆಯೂ ಇತ್ತು.

ನಾಲ್ಕನೆಯ ಬಾಗಿಲು ಸಂಸ್ಥೆಗಳದ್ದು, ಆಯೋಗಗಳದ್ದು. ಬೆಂಗಳೂರಿನ ಆಲ್ಟರ್ನೇಟಿವ್ ಲಾ ಫೋರಂ 2000ದಿಂದ ಹಕ್ಕುಗಳ ಪ್ರಕರಣಗಳಲ್ಲಿ ಕೆಲಸ ಮಾಡುತ್ತಿದೆ. ನ್ಯಾಯಾಲಯಗಳ ವಿಳಂಬವನ್ನು ಅಂಕಿ ಅಂಶ ಹಿಡಿದು ಅಧ್ಯಯನ ಮಾಡುವ ದಕ್ಷ್ ಸಂಸ್ಥೆಯೂ ಬೆಂಗಳೂರಿನದೇ. ಮುಂಬೈಯ ಮಜ್ಲಿಸ್ ಮಹಿಳೆಯರ ಪರ ವಕಾಲತ್ತು ನಡೆಸುವ ಸಂಸ್ಥೆ. ಅದನ್ನು ಕಟ್ಟಿದ ಫ್ಲೇವಿಯಾ ಆಗ್ನೆಸ್ ನಮ್ಮ ಮಂಗಳೂರಿನಲ್ಲಿ ಬೆಳೆದವರು. ತಮ್ಮ ಸಂಸಾರದಲ್ಲಿ ಅನುಭವಿಸಿದ ಹಿಂಸೆಯಿಂದ ಹೊರಬಂದು ವಕೀಲೆಯಾದವರು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. 2011ರಲ್ಲಿ ನ್ಯಾಯಾಲಯ ಅಲ್ಲಿ ಗಣಿಗಾರಿಕೆ ನಿಲ್ಲಿಸಿದ ಆದೇಶದ ಹಿಂದೆ ವರ್ಷಗಟ್ಟಲೆ ಕೂಡಿಟ್ಟ ದಾಖಲೆಗಳಿದ್ದವು. ದೆಹಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಬೇಸಿಗೆಯಲ್ಲೂ ಚಳಿಗಾಲದಲ್ಲೂ ವಿದ್ಯಾರ್ಥಿಗಳಿಗೆ ತರಬೇತಿ ಕೊಡುತ್ತದೆ. ಪದವಿ ಮುಗಿದ ಮೇಲೆ ಸಂಸದರ ಜೊತೆ ಹಲವು ತಿಂಗಳು ಕೆಲಸ ಮಾಡುವ ಲ್ಯಾಂಪ್ ಫೆಲೋಶಿಪ್ ಇದೆ. ಕಾನೂನು ಹುಟ್ಟುವ ಮನೆಯನ್ನು ನೋಡಬೇಕೆನ್ನುವವರಿಗೆ ಅದು ತಕ್ಕದ್ದು.

ಬಾಗಿಲು ತಟ್ಟುವುದು ಹೇಗೆ? ಐವತ್ತು ಕಡೆಗೆ ಒಂದೇ ಪತ್ರ ಕಳಿಸಬೇಡಿ. ಮೂರು ಜಾಗ ಆರಿಸಿ. ಅವರು ಏನು ಮಾಡುತ್ತಿದ್ದಾರೆಂದು ಓದಿ, ಒಂದು ಪುಟದ ಪತ್ರ ಬರೆಯಿರಿ. ನನ್ನ ಕೈಗೆ ಅಂಥ ಪತ್ರಗಳು ಎಷ್ಟೋ ಬರುತ್ತವೆ. "ನಾನು ಶ್ರಮಜೀವಿ, ಕಲಿಯುವ ಹಂಬಲವುಳ್ಳವಳು" ಎಂಬ ಸಾಲಿನಿಂದ ನನಗೇನೂ ತಿಳಿಯುವುದಿಲ್ಲ. "ನಾನು ಕನ್ನಡ, ಉರ್ದು ಎರಡನ್ನೂ ಓದಿ ಬರೆಯಬಲ್ಲೆ. ಹಳೆಯ ಪಹಣಿ ಓದಲು ಬರುತ್ತದೆ. ಮೇ 5ರಿಂದ ನಾಲ್ಕು ವಾರ ದಿನವೂ ಬರುತ್ತೇನೆ" ಎಂದು ಬರೆದವಳನ್ನು ತಕ್ಷಣ ಕರೆಯುತ್ತೇನೆ. ಉತ್ತರ ಬರದಿದ್ದರೆ ವಾರ ಬಿಟ್ಟು ಮತ್ತೆ ಬರೆಯಿರಿ. ಜಿಲ್ಲಾ ಕಚೇರಿಗಳಿಗಾದರೆ ಬರೆಯುವುದಕ್ಕಿಂತ ಖುದ್ದಾಗಿ ಹೋಗುವುದೇ ಲೇಸು.

ಕನ್ನಡದ ಬಗ್ಗೆ ಒಂದು ಮಾತು. ಹಳ್ಳಿಯಿಂದ ಬಂದ ಮಕ್ಕಳು ಇಂಗ್ಲಿಷ್ ಸರಾಗವಾಗಿ ಬರುವುದಿಲ್ಲವೆಂದು ಕುಗ್ಗುವುದನ್ನು ಕಂಡಿದ್ದೇನೆ. ಕಂಪನಿ ಕಚೇರಿಯಲ್ಲಿ ಅದು ತೊಡಕಾಗಬಹುದು. ನಾನು ಹೇಳಿದ ಬಾಗಿಲುಗಳಲ್ಲಿ ನಿಮ್ಮ ಕನ್ನಡವೇ ಬಂಡವಾಳ. ಸಾಕ್ಷಿ ಆಡಿದ ಮಾತಿನ ಧಾಟಿ ಹಿಡಿಯುವುದು, ಪೊಲೀಸ್ ಪಂಚನಾಮೆಯ ಭಾಷೆ ಬಿಡಿಸುವುದು, ತೀರ್ಪಿನಲ್ಲಿ ಏನಾಯಿತೆಂದು ತಾಯಿಯೊಬ್ಬಳಿಗೆ ತಿಳಿಯುವಂತೆ ಹೇಳುವುದು ಪಂಡಿತರಿಗೂ ಸುಲಭವಲ್ಲ. ಇಂಗ್ಲಿಷನ್ನೂ ಕಲಿಯಿರಿ, ಉಚ್ಚ ನ್ಯಾಯಾಲಯಕ್ಕೆ ಅದು ಬೇಕು. ಕನ್ನಡವನ್ನು ಮಾತ್ರ ಬಿಡಬೇಡಿ.

ಹಣದ ಮಾತನ್ನು ಮುಚ್ಚಿಡಬಾರದು. ಇಂಥ ಕಡೆ ಭತ್ಯೆ ಕಡಿಮೆ, ಹಲವೆಡೆ ಏನೂ ಇಲ್ಲ. ದೊಡ್ಡ ಊರಿನಲ್ಲಿ ಕೊಠಡಿ ಬಾಡಿಗೆ ಕೊಟ್ಟು ಒಂದು ತಿಂಗಳು ಇರುವುದು ಬಡ ಮನೆಯ ಮಕ್ಕಳಿಗೆ ಆಗದ ಮಾತು. ಅದಕ್ಕೇ ನಾನು ತಾಲೂಕಿನಿಂದ ಶುರುಮಾಡಿದೆ. ಮನೆಯ ಊಟ ಉಂಡು, ಬಸ್ ಪಾಸಿನಲ್ಲಿ ಹೋಗಿ ಕಲಿಯುವ ಕಡೆ ಮೊದಲ ಎಂಟು ವಾರ ಕಳೆಯಿರಿ. ದೂರದ ಸಂಸ್ಥೆಗೆ ಒಮ್ಮೆ ಹೋದರೆ ಸಾಕು. ಪದವಿಯ ನಂತರ ಹಿರಿಯ ವಕೀಲರ ಬಳಿ ತರಬೇತಿ ಪಡೆಯುವ ಪರಿಶಿಷ್ಟ ಜಾತಿ, ಪಂಗಡ ಹಾಗೂ ಹಿಂದುಳಿದ ವರ್ಗಗಳ ಪದವೀಧರರಿಗೆ ರಾಜ್ಯ ಸರ್ಕಾರದ ಇಲಾಖೆಗಳು ಮಾಸಿಕ ಭತ್ಯೆ ಕೊಡುತ್ತವೆ. ಜಿಲ್ಲಾ ಕಚೇರಿಯಲ್ಲಿ ಅರ್ಜಿಯ ದಿನಾಂಕ ವಿಚಾರಿಸಿ. ಸಂಸ್ಥೆ ನಡೆಸುವವರಿಗೂ, ನನ್ನಂಥ ವಕೀಲರಿಗೂ ಒಂದು ಕೋರಿಕೆ: ಮಕ್ಕಳಿಗೆ ಸಂಬಳ ಕೊಡಲಾಗದಿದ್ದರೂ ಬಸ್ಸಿನ ಖರ್ಚು, ಮಧ್ಯಾಹ್ನದ ಊಟ ಕೊಡೋಣ. ಹಸಿದು ಕಲಿತವರು ಈ ದಾರಿಯಲ್ಲಿ ಹೆಚ್ಚು ದಿನ ನಿಲ್ಲಲಾರರು.

ಕೆಲವು ಎಚ್ಚರಿಕೆಗಳು. ವಿದ್ಯಾರ್ಥಿಗೆ ವಾದ ಮಾಡುವ ಹಕ್ಕಿಲ್ಲ. 1961ರ ವಕೀಲರ ಅಧಿನಿಯಮ ಆ ಹಕ್ಕನ್ನು ನೋಂದಾಯಿತ ವಕೀಲರಿಗೆ ಕೊಟ್ಟಿದೆ. ಕಕ್ಷಿದಾರನಿಗೆ "ಗೆದ್ದೇ ಗೆಲ್ಲುತ್ತೀರಿ" ಎಂದು ಹೇಳಬೇಡಿ. ಅವನಿಂದ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಅವನು ಹೇಳಿದ ಗುಟ್ಟನ್ನು ಗೆಳೆಯರ ಮುಂದೆ ಹೆಸರಿಲ್ಲದೆಯೂ ಆಡಬೇಡಿ. ಊರು ಚಿಕ್ಕದು, ಗುರುತು ಸಿಗುತ್ತದೆ.

ನಮ್ಮ ದೇಶದಲ್ಲಿ ಕಾನೂನು ಶಿಕ್ಷಣಕ್ಕೆ ಹೊಸ ರೂಪ ಕೊಟ್ಟ ಎನ್.ಆರ್. ಮಾಧವ ಮೆನನ್ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿದಾಗ, ವೈದ್ಯ ವಿದ್ಯಾರ್ಥಿ ವಾರ್ಡಿನಲ್ಲಿ ಕಲಿಯುವಂತೆ ಕಾನೂನು ವಿದ್ಯಾರ್ಥಿಯೂ ನಿಜವಾದ ಪ್ರಕರಣಗಳ ನಡುವೆ ಕಲಿಯಬೇಕೆಂದು ಪಟ್ಟುಹಿಡಿದರು. ವಾರ್ಡು ದೂರವಿಲ್ಲ. ಪ್ರತಿ ತಾಲೂಕಿನಲ್ಲೂ ಒಂದಿದೆ.

ಕೊನೆಗೆ, ಆ ಹುಡುಗಿಗೆ ನನ್ನ ಉತ್ತರ. ಮಗಳೇ, ನಿನ್ನ ಮೊದಲ ಕಡತ ನಿನ್ನ ಮನೆಯಲ್ಲೇ ಇದೆ. ಅಪ್ಪನ ದಾವೆಯ ಸಂಖ್ಯೆ ಹಿಡಿದು ನ್ಯಾಯಾಲಯದ ನಕಲು ವಿಭಾಗಕ್ಕೆ ಅಪ್ಪನ ಜೊತೆ ಹೋಗು. ಆರ್ಡರ್ ಶೀಟಿನ ದೃಢೀಕೃತ ಪ್ರತಿಗೆ ಅರ್ಜಿ ಕೊಡು. ಹನ್ನೊಂದು ವರ್ಷದ ಒಂದೊಂದು ತಾರೀಖನ್ನೂ ಓದು. ಯಾವ ದಿನ ಯಾರು ಬರಲಿಲ್ಲ, ಯಾವ ಸಮನ್ಸು ಜಾರಿಯಾಗದೆ ಮರಳಿತು, ಯಾವ ದಿನ ನ್ಯಾಯಾಧೀಶರ ಹುದ್ದೆಯೇ ಖಾಲಿಯಿತ್ತು, ಎಲ್ಲವನ್ನೂ ಎಣಿಸು. ಆ ಹನ್ನೊಂದು ವರ್ಷ ಎಲ್ಲಿ ಹೋಯಿತೆಂದು ಒಂದೇ ಹಾಳೆಯಲ್ಲಿ ಬರೆ. ಆ ಹಾಳೆ ಹಿಡಿದು ನನ್ನ ಕಚೇರಿಗೆ ಬಾ. ಹೊರಗಿನ ಬೆಂಚಿನಲ್ಲಿ ಕಕ್ಷಿದಾರರ ಪಕ್ಕದಲ್ಲಿ ನಿನಗೆ ಜಾಗ ಇಟ್ಟಿರುತ್ತೇನೆ.